ರಕ್ತ ನಿಂತ ಮೇಲೆ ಶುರುವಾದದ್ದು: ಸೈನಸ್ ಸರ್ಜರಿಯಲ್ಲಿ ಕ್ಯಾರೋಟಿಡ್‌ಗೆ ಗಾಯವಾದ ಒಂದು ಪ್ರಕರಣ

ರೋಗಿ 42 ವರ್ಷದ ಮಹಿಳೆ, ಪ್ರಾಥಮಿಕ ಶಾಲೆಯ ಟೀಚರ್. ಗುರುತು ಸಿಗಬಾರದು ಅಂತ ವಯಸ್ಸು, ಊರು ಮತ್ತು ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಸರ್ಜರಿ ಮಾಡಿದವರು ನನ್ನ ಸಹೋದ್ಯೋಗಿ. ನಾನು ಅದೇ ಆಸ್ಪತ್ರೆಯ ಇನ್ನೊಬ್ಬ ಇಎನ್‌ಟಿ ಸರ್ಜನ್. ಅವತ್ತು ಪಕ್ಕದ ಓಟಿಯಲ್ಲಿದ್ದೆ.

ಟೀಚರ್‌ಗೆ ವರ್ಷಗಳಿಂದ ಮೂಗು ಕಟ್ಟುತ್ತಿತ್ತು. ವಾಸನೆ ಪೂರ್ತಿ ಹೋಗಿತ್ತು. ಸಾರಿನ ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಕೆಲವು ವರ್ಷದ ಹಿಂದೆ ಬೇರೆ ಕಡೆ ಮೂಗಿನ ದುರ್ಮಾಂಸಕ್ಕೆ ಒಂದು ಸರ್ಜರಿ ಆಗಿತ್ತು. ಸ್ವಲ್ಪ ಕಾಲ ಆರಾಮವಾಗಿದ್ದರು. ಆಮೇಲೆ ಮತ್ತೆ ಶುರುವಾಯಿತು. ಈ ಸಲ ಎಡಗಣ್ಣಿನ ಹಿಂದೆ ಒತ್ತಿ ಹಿಡಿದಂಥ ನೋವು ಬೇರೆ.

ಎಂಡೋಸ್ಕೋಪ್ ಹಾಕಿ ನೋಡಿದರೆ ಎರಡೂ ಕಡೆ ದುರ್ಮಾಂಸ, ಜೊತೆಗೆ ಅಂಟಂಟಾದ ಗಟ್ಟಿ ಕಂದು ಲೋಳೆ. ಇದು ಅಲರ್ಜಿಯಿಂದ ಬರುವ ಫಂಗಲ್ ಸೈನಸೈಟಿಸ್, ಅಂದರೆ ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಗಾಳಿಯ ಗೂಡುಗಳ (ಸೈನಸ್‌ಗಳ) ಉರಿಯೂತ. ನಮ್ಮ ದೇಶದಲ್ಲಿ ಅಪರೂಪವೇನಲ್ಲ. ಫಂಗಸ್ ಎಂದ ಕೂಡಲೇ ಅವರ ಯಜಮಾನರು ಗಾಬರಿಯಾದರು. "ಬ್ಲ್ಯಾಕ್ ಫಂಗಸ್ಸಾ ಸರ್?" ಎಂದು ಕೇಳಿದರು. 2021ರ ನೆನಪು ಜನರ ಮನಸ್ಸಿಂದ ಇನ್ನೂ ಹೋಗಿಲ್ಲ. ಅಲ್ಲ, ಇದು ಅದಲ್ಲ. ಬ್ಲ್ಯಾಕ್ ಫಂಗಸ್ ರಕ್ತನಾಳದ ಒಳಗೇ ನುಗ್ಗಿ ಸುತ್ತಲಿನ ಭಾಗವನ್ನು ಕೊಲ್ಲುತ್ತದೆ. ಈ ಕಾಯಿಲೆಯಲ್ಲಿ ಫಂಗಸ್ ಸೈನಸ್ಸಿನ ಒಳಗೇ ಇರುತ್ತದೆ, ಅದರ ವಿರುದ್ಧ ದೇಹ ಮಾಡುವ ರಂಪಾಟವೇ ತೊಂದರೆ. ಆದರೆ ಲೋಳೆ ವರ್ಷಗಟ್ಟಲೆ ತುಂಬುತ್ತಾ ಹೋದರೆ ಒತ್ತಡಕ್ಕೆ ಸುತ್ತಲಿನ ಮೂಳೆ ತೆಳುವಾಗುತ್ತದೆ. ಕೆಲವು ಕಡೆ ಮಾಯವೇ ಆಗುತ್ತದೆ. ಟೀಚರ್ ವಿಷಯದಲ್ಲಿ ಮೂಳೆ ಮಾಯವಾದ ಜಾಗ ಮಾತ್ರ ಬಹಳ ಕೆಟ್ಟದ್ದು.

ಸ್ಕ್ಯಾನ್‌ನಲ್ಲಿ ಕಂಡದ್ದು

ಸ್ಫೀನಾಯ್ಡ್ ಎಂಬ ಸೈನಸ್ ತಲೆಯ ನಟ್ಟನಡುವೆ, ಮೂಗಿನ ತೀರಾ ಹಿಂದೆ ಇದೆ. ಅದರ ಪಕ್ಕದ ಗೋಡೆಯಲ್ಲಿ ಎರಡು ಉಬ್ಬು ಕಾಣುತ್ತವೆ. ಮೇಲಿನದು ಕಣ್ಣಿನ ನರ. ಕೆಳಗಿನದು ಒಳ ಕ್ಯಾರೋಟಿಡ್, ಅಂದರೆ ಕುತ್ತಿಗೆಯಿಂದ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಅದರ ಮೇಲಿನ ಮೂಳೆ ಆರೋಗ್ಯವಂತರಲ್ಲೂ ಬಹಳ ತೆಳು. ಹೆಚ್ಚಿನವರಲ್ಲಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಅಲ್ಲಲ್ಲಿ ಮೂಳೆಯೇ ಇರುವುದಿಲ್ಲ, ಬರೀ ಲೋಳೆಪೊರೆ.

ಇನ್ನೊಂದು ಸಂಗತಿ ಇದೆ. ಸ್ಫೀನಾಯ್ಡ್‌ನ ಒಳಗೆ ಎಡ ಬಲ ಭಾಗ ಮಾಡುವ ಒಂದು ಮೂಳೆ ಗೋಡೆ ಇರುತ್ತದೆ. ಅದು ನೆಟ್ಟಗೆ ಮಧ್ಯದಲ್ಲೇ ಇರಬೇಕೆಂದಿಲ್ಲ. ಹಿಂದಕ್ಕೆ ಹೋಗುತ್ತಾ ಒಂದು ಕಡೆಗೆ ವಾಲಿ, ಸೀದಾ ಕ್ಯಾರೋಟಿಡ್ ಮೇಲಿನ ಮೂಳೆಗೇ ಅಂಟಿಕೊಂಡಿರಬಹುದು. ಹಾಗೆ ಅಂಟಿದ್ದರೆ ಆ ಗೋಡೆಯನ್ನು ಹಿಡಿದು ತಿರುಚಿ ಎಳೆಯುವಂತಿಲ್ಲ. ಎಳೆದರೆ ಬುಡದ ಮೂಳೆ ಮುರಿದು, ಅದರ ಚೂಪು ಅಂಚೇ ನಾಳವನ್ನು ಸೀಳಬಹುದು.

ಟೀಚರ್ ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಇದ್ದವು. ಎಡ ಸ್ಫೀನಾಯ್ಡ್ ತುಂಬಿ ಹಿಗ್ಗಿತ್ತು. ಎಡ ಕ್ಯಾರೋಟಿಡ್ ಮೇಲೆ ಮೂಳೆಯ ಬಿಳಿ ಗೆರೆ ಒಂದು ಕಡೆ ಅಳಿಸಿಹೋಗಿತ್ತು. ನಡುಗೋಡೆ ಎಡಕ್ಕೆ ವಾಲಿ ಅದರ ಹತ್ತಿರವೇ ಬಂದು ಕೂತಿತ್ತು. ಹಿಂದಿನ ದಿನ ಸಂಜೆ ನನ್ನ ಸಹೋದ್ಯೋಗಿ ಇದನ್ನು ಮೂರೂ ದಿಕ್ಕಿನ ಚಿತ್ರಗಳಲ್ಲಿ ನೋಡಿದ್ದರು. ನನಗೂ ತೋರಿಸಿದ್ದರು. ಅದಕ್ಕೇ ಮೂರು ತಯಾರಿ ಮಾಡಿಕೊಂಡರು. ರಕ್ತ ಹೊಂದಿಸಿ ಇಟ್ಟರು. ಉಪಕರಣದ ತುದಿ ಎಲ್ಲಿದೆ ಎಂದು ಸ್ಕ್ಯಾನ್ ಚಿತ್ರದ ಮೇಲೆ ತೋರಿಸುವ ನ್ಯಾವಿಗೇಷನ್ ಯಂತ್ರ ಜೋಡಿಸಿದರು. ಬಲತೊಡೆಯನ್ನೂ ತೊಳೆದು ಬಟ್ಟೆ ಹೊದಿಸಿ ಸಿದ್ಧ ಮಾಡಿಸಿದರು. ಮೂಗಿನ ಸರ್ಜರಿಗೆ ತೊಡೆ ಯಾಕೆ ಎಂದು ಹೊಸ ನರ್ಸ್ ಒಬ್ಬರು ಕೇಳಿದ್ದರಂತೆ. ಉತ್ತರ ಮುಂದಿದೆ.

ಎಂಡೋಸ್ಕೋಪ್‌ನಲ್ಲಿ ಸೈನಸ್ ಸರ್ಜರಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮೆಸ್ಸರ್‌ಕ್ಲಿಂಗರ್, ಸ್ಟಾಮ್‌ಬರ್ಗರ್ ಅವರ ಕೈಯಲ್ಲಿ ಬೆಳೆದು, 1985ರ ಹೊತ್ತಿಗೆ ಅಮೆರಿಕದ ಡೇವಿಡ್ ಕೆನೆಡಿ ಅವರ ಮೂಲಕ ಎಲ್ಲ ಕಡೆ ಹರಡಿತು. ಆವತ್ತಿನಿಂದ ಇವತ್ತಿನವರೆಗೂ ಈ ಸರ್ಜರಿ ಕಲಿಯುವವರಿಗೆಲ್ಲ ಹೇಳುವ ದೊಡ್ಡ ಭಯ ಕ್ಯಾರೋಟಿಡ್. ಸಾಮಾನ್ಯ ಸೈನಸ್ ಸರ್ಜರಿಯಲ್ಲಿ ಈ ಗಾಯ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಮೂಗಿನ ಮೂಲಕ ತಲೆಬುರುಡೆಯ ತಳದ ಗೆಡ್ಡೆ ತೆಗೆಯುವಾಗ ಜಾಸ್ತಿ. ಎಷ್ಟೋ ಸರ್ಜನ್‌ಗಳು ಇದನ್ನು ಒಮ್ಮೆಯೂ ನೋಡದೆ ರಿಟೈರ್ ಆಗುತ್ತಾರೆ. ಕಷ್ಟ ಇರುವುದೂ ಅಲ್ಲೇ. ರೂಢಿ ಮಾಡಿಕೊಳ್ಳಲು ಅವಕಾಶವೇ ಸಿಗದ ಕೆಲಸವನ್ನು ಒಂದು ದಿನ ತಕ್ಷಣ, ಸರಿಯಾಗಿ ಮಾಡಬೇಕು.

ಓಟಿಯಲ್ಲಿ

ಸರ್ಜರಿಯ ಮೊದಲ ಭಾಗ ಚೆನ್ನಾಗಿಯೇ ನಡೆಯಿತು. ಎಡಗಡೆಯ ದುರ್ಮಾಂಸ ತೆಗೆದಾಗಿತ್ತು. ಸ್ಫೀನಾಯ್ಡ್‌ಗೆ ಒಳಬದಿಯಿಂದ, ಕೆಳಗಿನಿಂದ ದಾರಿ ಮಾಡಿದ್ದರು. ಅದೇ ಸುರಕ್ಷಿತ ದಾರಿ. ಲೋಳೆ ಹೀರಿ ತೆಗೆದರು. ನಡುಗೋಡೆಯನ್ನು ತಿರುಚದೆ, ಕತ್ತರಿಸುವ ಪಂಚ್‌ನಿಂದ ಚೂರು ಚೂರಾಗಿ ಕಡಿಯುತ್ತಿದ್ದರು. ಕೊನೆಯ ಮೊಟಕು ತುಂಡು ಬುಡದಲ್ಲಿ ಅಲುಗಿತು. ಮೂಳೆ ಅಲ್ಲಿ ಮೊದಲೇ ಕೊರೆದುಹೋಗಿತ್ತು. ಮರುಕ್ಷಣ ಸ್ಕ್ರೀನ್ ಪೂರ್ತಿ ಕೆಂಪು.

ಬೇರೆ ರಕ್ತಸ್ರಾವಗಳ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವ ಪ್ರಶ್ನೆ ಬರುವುದಿಲ್ಲ. ಮೂಗಿನ ಹಿಂಭಾಗದ ಸ್ಫೀನೋಪ್ಯಾಲಟೈನ್ ನಾಳ ಕಡಿದರೆ ರಕ್ತ ಜೋರಾಗಿ ಬಂದರೂ ಬಾಯಿ ಕಾಣುತ್ತದೆ, ಸುಟ್ಟು ನಿಲ್ಲಿಸಬಹುದು. ಮುಂಭಾಗದ ಎಥ್ಮಾಯ್ಡ್ ನಾಳ ಕಡಿದರೆ ಅದು ಕಣ್ಣಿನ ಗೂಡಿನೊಳಗೆ ಎಳೆದುಕೊಂಡು ಅಲ್ಲೇ ರಕ್ತ ಸುರಿಸುತ್ತದೆ. ಆಗ ಕಣ್ಣು ಮುಂದಕ್ಕೆ ಉಬ್ಬುತ್ತದೆ, ದೃಷ್ಟಿ ಉಳಿಸಲು ಕಣ್ಣಿನ ಹೊರ ಮೂಲೆಯನ್ನು ಕೂಡಲೇ ಕತ್ತರಿಸಿ ಒತ್ತಡ ಬಿಡಿಸಬೇಕು. ಕಣ್ಣಿನ ಹಿಂದಿನ ಕ್ಯಾವರ್ನಸ್ ಸೈನಸ್ಸಿನದು (ಇದು ಗಾಳಿಯ ಗೂಡಲ್ಲ, ಮೆದುಳಿನ ಕಡೆಯಿಂದ ವಾಪಸ್ ಬರುವ ರಕ್ತದ ಗೂಡು) ಕಪ್ಪು ರಕ್ತ, ಮೇಲಕ್ಕೆ ಚಿಮ್ಮದೆ ಉಕ್ಕುತ್ತದೆ. ಇಲ್ಲಿ ಬಂದದ್ದು ಹೊಳೆಯುವ ಕೆಂಪು. ನಾಡಿಯ ಲೆಕ್ಕಕ್ಕೆ ಸರಿಯಾಗಿ ಚಿಮ್ಮುತ್ತಿತ್ತು.

ನನ್ನನ್ನು ಕರೆದರು. ನಾನು ಹೋದಾಗ ಸಹೋದ್ಯೋಗಿ ಒಂದು ಹತ್ತಿಯ ಪಟ್ಟಿಯನ್ನು ಅಂದಾಜಿನ ಮೇಲೆ ಆ ಜಾಗಕ್ಕೆ ಒತ್ತಿ ಹಿಡಿದಿದ್ದರು. ರಕ್ತ ಹೀರುವ ಸಕ್ಷನ್ ಜಾಡಿ ತುಂಬುತ್ತಿತ್ತು. ಅವರ ದನಿ ಏರಿರಲಿಲ್ಲ. "ಎಡ ಕ್ಯಾರೋಟಿಡ್. ಎರಡನೇ ಸಕ್ಷನ್ ನೀವು ಹಿಡೀರಿ" ಎಂದರು, ಅಷ್ಟೇ.

ಇಂಥ ಹೊತ್ತಲ್ಲಿ ಮೂಗಿನೊಳಗೆ ಎರಡು ದೊಡ್ಡ ಸಕ್ಷನ್ ಬೇಕು, ನಾಲ್ಕು ಕೈ ಬೇಕು. ಎಂಡೋಸ್ಕೋಪನ್ನು ರಕ್ತ ಚಿಮ್ಮುವ ಕಡೆಯ ಹೊಳ್ಳೆಯಿಂದ ತೆಗೆದು ಇನ್ನೊಂದು ಹೊಳ್ಳೆಗೆ ಬದಲಿಸಿದೆವು. ಮೂಗಿನ ಮಧ್ಯದ ಗೋಡೆ ಲೆನ್ಸ್‌ಗೆ ರಕ್ತ ಬಡಿಯದಂತೆ ಮರೆಯಾಗುತ್ತದೆ. ನಾನು ಸಕ್ಷನ್ ತುದಿಯನ್ನು ಧಾರೆಯ ಬುಡಕ್ಕೇ ತಂದು, ಅದನ್ನು ಒಂದು ಪಕ್ಕಕ್ಕೆ ಸೆಳೆದು ಹಿಡಿದೆ. ಆಗ ಮಾತ್ರ ಅವರಿಗೆ ಜಾಗ ಕಾಣಿಸಿತು. ಒಂದೆರಡು ಮಿಲಿಮೀಟರ್‌ನ ಸೀಳು.

ಅರಿವಳಿಕೆ ವೈದ್ಯರು ಅವತ್ತು ಮಾಡಿದ ಕೆಲಸದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೈನಸ್ ಸರ್ಜರಿಯಲ್ಲಿ ರಕ್ತ ಕಡಿಮೆ ಬರಲಿ ಅಂತ ರಕ್ತದೊತ್ತಡವನ್ನು ಬೇಕೆಂದೇ ಸ್ವಲ್ಪ ಇಳಿಸಿ ಇಟ್ಟಿರುತ್ತೇವೆ. ರಕ್ತ ಚಿಮ್ಮಿದ ಕೂಡಲೇ ಯಾವ ಸರ್ಜನ್‌ಗೂ ಮೊದಲು ಬರುವ ಆಸೆ, ಪ್ರೆಶರ್ ಇನ್ನೂ ಇಳಿಸಿಬಿಡೋಣ ಅನ್ನುವುದು. ನಮ್ಮಲ್ಲೂ ಯಾರೋ ಒಬ್ಬರು ಅಂದೇಬಿಟ್ಟರು, "ಮೇಡಂ, ಪ್ರೆಶರ್ ಇಳಿಸಿ." ಅವರು, "ಇಳಿಸಲ್ಲ. ಇಳಿಸಿದ್ರೆ ಮೆದುಳಿಗೆ ಏನು ಹೋಗುತ್ತೆ?" ಎಂದರು.

ಅವರ ಮಾತು ಸರಿ. ಎಡ ಕ್ಯಾರೋಟಿಡ್ ಸೋರುತ್ತಿದೆ, ಅದರ ಮೇಲೆ ನಾವು ಒತ್ತುತ್ತಲೂ ಇದ್ದೇವೆ. ಅಂದರೆ ಎಡ ಮೆದುಳು ಈಗ ಬಲಗಡೆಯಿಂದ, ಹಿಂದಿನಿಂದ ಬರುವ ರಕ್ತವನ್ನೇ ನೆಚ್ಚಿಕೊಂಡಿದೆ. ಆ ರಕ್ತ ಮೆದುಳಿನ ತಳದ ಸಣ್ಣ ಕೂಡುನಾಳಗಳ ಮೂಲಕ ಎಡಕ್ಕೆ ದಾಟಬೇಕಾದರೆ ಒತ್ತಡ ಬೇಕು. ಒತ್ತಡ ಇಳಿಸಿದರೆ ಓಟಿಯ ಸ್ಕ್ರೀನ್ ಚೆಂದ ಕಾಣಬಹುದು, ರೋಗಿ ಎದ್ದಾಗ ಬಲಗೈ ಎತ್ತಲಾರರು. ಅವರು ಇಳಿಸಿದ್ದ ಪ್ರೆಶರನ್ನು ಮಾಮೂಲಿಗೆ ತಂದರು. ತಲೆಯ ಕಡೆ ಟೇಬಲ್ ಸ್ವಲ್ಪ ಎತ್ತರಿಸಿದರು. ಎರಡು ದಪ್ಪ ಸೂಜಿಯಲ್ಲಿ ರಕ್ತ, ಸಲೈನ್ ಓಡಿಸಿದರು. ಒಟ್ಟು ನಾಲ್ಕು ಯೂನಿಟ್ ರಕ್ತ ಹೋಯಿತು. ಈ ಪ್ರಕರಣದಲ್ಲಿ ಟೀಚರ್ ಮಾತು ಉಳಿದದ್ದಕ್ಕೆ ನಾನು ಮೊದಲ ಅಂಕ ಕೊಡುವುದು ಆ ಮೇಡಂಗೆ, ನಮಗಲ್ಲ.

ಅಷ್ಟರಲ್ಲಿ ಇನ್ನೊಬ್ಬ ಸರ್ಜನ್ ತೊಡೆಯಿಂದ ಹೆಬ್ಬೆರಳಿನ ತುದಿಯಷ್ಟು ಸ್ನಾಯು ತೆಗೆದರು. ಅದನ್ನು ಎರಡು ಸ್ಟೀಲ್ ಟ್ರೇಗಳ ನಡುವೆ ಇಟ್ಟು ಜಜ್ಜಿದರು. ಜಜ್ಜಿದ ಸ್ನಾಯುವಿನಿಂದ ಹೊರಬರುವ ಅಂಶಗಳು ಪ್ಲೇಟ್‌ಲೆಟ್‌ಗಳನ್ನು ಚುರುಕು ಮಾಡಿ ರಕ್ತ ಹೆಪ್ಪುಗಟ್ಟಿಸುತ್ತವೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಪೀಟರ್ ಜಾನ್ ವರ್ಮಾಲ್ಡ್ ಅವರ ತಂಡ ಅರಿವಳಿಕೆ ಕೊಟ್ಟ ಕುರಿಗಳ ಕ್ಯಾರೋಟಿಡ್ ಮೇಲೆ ಬೇರೆ ಬೇರೆ ವಿಧಾನ ಪರೀಕ್ಷಿಸಿ, ಇದು ಎದ್ದು ಕಾಣುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿತು. ಸರ್ಜನ್‌ಗಳಿಗೆ ಅದೇ ರೀತಿಯಲ್ಲಿ ತರಬೇತಿಯನ್ನೂ ಕೊಟ್ಟಿತು. ನಾನು ಮೇಲೆ ಹೇಳಿದ, ರೂಢಿಗೆ ಅವಕಾಶವೇ ಇಲ್ಲ ಎಂಬ ಕೊರತೆಗೆ ಸಿಕ್ಕ ಒಳ್ಳೆಯ ಉತ್ತರ ಅದು.

ಹತ್ತಿಯ ಪಟ್ಟಿ ಸರಿಸಿ, ಸ್ನಾಯುವಿನ ತುಂಡನ್ನು ಸೀಳಿನ ಮೇಲೆ ಇಟ್ಟು ಒತ್ತಿ ಹಿಡಿದರು. 12 ನಿಮಿಷ. ಗಡಿಯಾರ ನೋಡಿಕೊಂಡೇ ಹಿಡಿಯಬೇಕು. ಮಧ್ಯೆ ಎತ್ತಿ "ನಿಂತಿತಾ" ಅಂತ ನೋಡಬಾರದು. ಒತ್ತಡವೂ ಹದವಾಗಿರಬೇಕು. ಸೋರಿಕೆ ನಿಲ್ಲಬೇಕು, ನಾಳದೊಳಗೆ ಹರಿವು ನಿಲ್ಲಬಾರದು. ಕೈ ಸೋತರೆ ಬೇರೆಯವರ ಕೈಗೆ ಕೊಡಬೇಕು.

12 ನಿಮಿಷ ಆದ ಮೇಲೆ ನಿಧಾನವಾಗಿ ಬಿಟ್ಟರು. ಸ್ನಾಯು ಅಂಟಿಕೊಂಡಿತ್ತು. ರಕ್ತ ಇಲ್ಲ. ಅದರ ಮೇಲೆ ಹೆಪ್ಪುಗಟ್ಟಿಸುವ ಬಟ್ಟೆ, ಅದರ ಮೇಲೆ ಸಡಿಲವಾಗಿ ರಿಬ್ಬನ್ ಗಾಜ್, ಅಂದರೆ ಉದ್ದ ಪಟ್ಟಿಯಂಥ ಬ್ಯಾಂಡೇಜ್ ಬಟ್ಟೆ. ಗಾಬರಿಯಲ್ಲಿ ಗಾಜ್ ಬಟ್ಟೆಯನ್ನು ಗಿಡಿದು ತುಂಬಿದರೆ ಎರಡು ಅಪಾಯ ಇವೆ. ಕ್ಯಾರೋಟಿಡ್ ಪೂರ್ತಿ ಮುಚ್ಚಿ ಸ್ಟ್ರೋಕ್ ಆಗಬಹುದು. ಪಕ್ಕದ ಕಣ್ಣಿನ ನರ ನುಜ್ಜಾಗಬಹುದು. ಬಲಗಡೆಯ ಸರ್ಜರಿಯನ್ನು ಅಲ್ಲಿಗೇ ಬಿಟ್ಟೆವು.

ಮೊದಲ ಆಂಜಿಯೋಗ್ರಾಮ್

ಎಚ್ಚರ ಮಾಡದೆ, ಓಟಿಯಿಂದ ನೇರ ಕ್ಯಾಥ್‌ಲ್ಯಾಬ್‌ಗೆ ಕರೆದೊಯ್ದೆವು. ತೊಡೆಯ ಬುಡದಿಂದ ತೂರಿಸಿದ ನಳಿಕೆಯಲ್ಲಿ ಬಣ್ಣ ಬಿಟ್ಟು ಮೆದುಳಿನ ನಾಲ್ಕೂ ದೊಡ್ಡ ನಾಳಗಳನ್ನು ನೋಡಿದರು. ಎಡ ಕ್ಯಾರೋಟಿಡ್ ತೆರೆದಿತ್ತು. ಗಾಯದ ಜಾಗದಲ್ಲಿ ಅಂಚು ಸ್ವಲ್ಪ ತರಿ ತರಿ. ಸೋರಿಕೆ ಇಲ್ಲ, ಉಬ್ಬು ಇಲ್ಲ. ಎಡ ಬಲ ಮೆದುಳನ್ನು ಮುಂದುಗಡೆ ಕೂಡಿಸುವ ನಾಳ ಮಾತ್ರ ತೆಳ್ಳಗಿತ್ತು. ಅದನ್ನು ರೇಡಿಯಾಲಜಿಸ್ಟ್ ರಿಪೋರ್ಟಿನಲ್ಲಿ ಬರೆದಿಟ್ಟರು. ಆಮೇಲೆ ಅದೇ ಒಂದು ಸಾಲು ಬಹಳ ಕೆಲಸಕ್ಕೆ ಬಂತು.

ಮರುದಿನ ಎಬ್ಬಿಸಿದಾಗ ಟೀಚರ್ ಕೈಕಾಲು ಆಡಿಸಿದರು. ಎರಡೂ ಕಣ್ಣು ಕಾಣುತ್ತಿತ್ತು. ಹೆಸರು, ಊರು ಹೇಳಿದರು. ನೀರು ಕೇಳಿದರು. ಐಸಿಯು ಹೊರಗೆ ಮನೆಯವರೆಲ್ಲ ಉಸಿರು ಬಿಟ್ಟರು. ಏನಾಯಿತು ಎಂದು ಸಹೋದ್ಯೋಗಿ ಅವರ ಯಜಮಾನರಿಗೆ ಹಿಂದಿನ ರಾತ್ರಿಯೇ ಕೂತು ಹೇಳಿದ್ದರು. ದೊಡ್ಡ ರಕ್ತನಾಳಕ್ಕೆ ಗಾಯವಾಗಿದೆ, ಸದ್ಯ ನಿಂತಿದೆ, ಮುಂದೆ ಮತ್ತೆ ತೊಂದರೆ ಆಗಬಹುದು, ಇನ್ನೂ ಪರೀಕ್ಷೆ ಬೇಕಾಗುತ್ತದೆ ಎಂದು ಬಿಡಿಸಿ ತಿಳಿಸಿದ್ದರು. ಆ ಮಾತು ಅವತ್ತೇ ಆಡದಿದ್ದರೆ ಮುಂದಿನ ವಾರ ಆಡುವುದು ಇನ್ನೂ ಕಷ್ಟವಾಗುತ್ತಿತ್ತು.

ಐಸಿಯುನಲ್ಲಿ ನಾವು ಹೇಳಿದ ಕೆಲಸಗಳಲ್ಲಿ ಒಂದು ಸಿಸ್ಟರ್‌ಗಳಿಗೆ ವಿಚಿತ್ರ ಅನ್ನಿಸಿತು. ದಿನವೂ ಎಡಗಣ್ಣಿನ ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಗಾಯವಾದ ಕ್ಯಾರೋಟಿಡ್ ಪಕ್ಕದ ಕ್ಯಾವರ್ನಸ್ ಸೈನಸ್ಸಿಗೆ ತೆರೆದುಕೊಂಡರೆ ಅಲ್ಲಿ ಬುಸ್ ಬುಸ್ ಸದ್ದು ಬರುತ್ತದೆ. ಕಣ್ಣು ಕೆಂಪಾಗಿ ಮುಂದೆ ಬರುತ್ತದೆ. ಟೀಚರ್‌ಗೆ ಹಾಗೇನೂ ಆಗಲಿಲ್ಲ.

ಏಳನೇ ದಿನ

ಮೂಗಿನಲ್ಲಿ ಗಾಜ್ ಇತ್ತು. ಬಾಯಿಂದ ಉಸಿರಾಡಿ ಸುಸ್ತಾಗಿದ್ದರು. ಉಳಿದಂತೆ ಚೆನ್ನಾಗಿದ್ದರು. ರಕ್ತದ ಒಂದು ಹನಿ ಬಂದಿರಲಿಲ್ಲ. ಇನ್ನೊಮ್ಮೆ ಆಂಜಿಯೋಗ್ರಾಮ್ ಮಾಡಬೇಕು ಎಂದಾಗ ಅವರ ಯಜಮಾನರು ಒಪ್ಪಲಿಲ್ಲ. "ರಕ್ತ ನಿಂತಿದೆ ಅಲ್ವಾ ಸರ್. ಮಾತಾಡ್ತಾಳೆ, ಗಂಜಿ ಕುಡೀತಾಳೆ. ಮೊದಲನೇ ಟೆಸ್ಟೂ ಸರಿ ಇತ್ತು ಅಂದ್ರಿ. ಸುಮ್ನೆ ಯಾಕೆ ಇನ್ನೊಂದು?"

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇದೇ ಪ್ರಶ್ನೆಯನ್ನು ವೈದ್ಯರೂ ಕೇಳಿಕೊಂಡು ರೋಗಿಯನ್ನು ಮನೆಗೆ ಕಳಿಸಿದ್ದುಂಟು. ಈ ಪ್ರಕರಣವನ್ನು ನಾನು ಬರೆಯುತ್ತಿರುವುದೇ ಅದಕ್ಕೆ.

ಕ್ಯಾರೋಟಿಡ್‌ನ ಗೋಡೆಗೆ ಮೂರು ಪದರ. ಸೀಳು ಬಿದ್ದಾಗ ಮೂರೂ ಹರಿದಿರುತ್ತವೆ. ನಾವು ಇಟ್ಟ ಸ್ನಾಯು, ಅದರ ಕೆಳಗೆ ಕಟ್ಟಿದ ಹೆಪ್ಪು, ಇವು ಮೇಲಿನಿಂದ ಮುಚ್ಚಿವೆ ಅಷ್ಟೇ. ಒಳಗಿನ ರಕ್ತ ಪ್ರತಿ ಬಡಿತಕ್ಕೂ ಆ ಹೆಪ್ಪನ್ನು ತಳ್ಳುತ್ತದೆ. ದಿನ ಕಳೆದಂತೆ ಹೆಪ್ಪು ಕರಗಿ ಮೆತ್ತಗಾಗುತ್ತದೆ. ಆಗ ಅದರೊಳಗೆ ಒಂದು ಪುಟ್ಟ ಚೀಲ ಮೂಡುತ್ತದೆ. ಇದನ್ನೇ ಸ್ಯೂಡೋಅನ್ಯುರಿಸಂ ಅನ್ನುತ್ತೇವೆ. ಟೈರು ಸೀಳಿದ ಕಡೆ ಸೈಕಲ್ ಟ್ಯೂಬು ಉಬ್ಬಿ ಹೊರಗೆ ಬರುತ್ತದಲ್ಲ, ಅದಕ್ಕೆ ಕನಿಷ್ಠ ಟ್ಯೂಬಿನ ರಬ್ಬರಾದರೂ ಇದೆ. ಈ ಚೀಲಕ್ಕೆ ನಾಳದ್ದೇ ಆದ ಒಂದು ಪದರವೂ ಇಲ್ಲ. ಹೆಪ್ಪು ಮತ್ತು ಹೊಸದಾಗಿ ಬೆಳೆದ ತೆಳು ನಾರು, ಅಷ್ಟೇ. ಅದು ಒಡೆದರೆ ರಕ್ತ ಹೋಗುವುದು ಸೀದಾ ಮೂಗಿಗೆ, ಗಂಟಲಿಗೆ. ಅದು ಮನೆಯಲ್ಲಿ, ರಾತ್ರಿ, ಆಸ್ಪತ್ರೆ ದೂರ ಇರುವಾಗ ಆದರೆ ಏನು ಮಾಡುವುದು?

ಮೊದಲ ದಿನದ ಆಂಜಿಯೋಗ್ರಾಮ್‌ನಲ್ಲಿ ಈ ಚೀಲ ಕಾಣದಿರಲು ಕಾರಣ ಸುಲಭ. ಆಗ ಅದು ಹುಟ್ಟಿಯೇ ಇರುವುದಿಲ್ಲ. ಹುಟ್ಟಲು ಕೆಲವರಲ್ಲಿ ಕೆಲವು ದಿನ ಸಾಕು, ಕೆಲವರಲ್ಲಿ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಅದಕ್ಕೇ ಒಂದು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಎಂದು ಮತ್ತೆ ಮತ್ತೆ ನೋಡುವುದು.

ಇಷ್ಟನ್ನೂ ಕಾಗದದ ಮೇಲೆ ಚಿತ್ರ ಬರೆದು ಹೇಳಿದ ಮೇಲೆ ಟೀಚರ್ ತಾವೇ "ಮಾಡಿಸೋಣ" ಎಂದು ಸನ್ನೆ ಮಾಡಿದರು. ಯಜಮಾನರು ಸಹಿ ಹಾಕಿದರು.

ಏಳನೇ ದಿನದ ಚಿತ್ರದಲ್ಲಿ ಅದು ಇತ್ತು. ಸುಮಾರು ನಾಲ್ಕು ಮಿಲಿಮೀಟರ್‌ನ ಚೀಲ, ಸ್ಫೀನಾಯ್ಡ್ ಕಡೆಗೆ ಮುಖ ಮಾಡಿ ನಿಂತಿತ್ತು. ಹೊರಗಡೆ ಒಂದೇ ಒಂದು ಲಕ್ಷಣ ಇರಲಿಲ್ಲ.

ಮಗ್ಗಿ ನಿಂತ ಹೊತ್ತು

ಈಗೇನು ಮಾಡುವುದು? ಹಳೆಯ, ಗಟ್ಟಿಯಾದ ದಾರಿ ಎಂದರೆ ಆ ಕ್ಯಾರೋಟಿಡ್ಡನ್ನೇ ಮುಚ್ಚಿಬಿಡುವುದು. ಗಾಯದ ಹಿಂದೆ ಮುಂದೆ ಕಾಯಿಲ್ (ಸಣ್ಣ ಲೋಹದ ತಂತಿಯ ಸುರುಳಿ) ತುಂಬಿ ನಾಳ ಬಂದ್ ಮಾಡಿದರೆ ಚೀಲವೂ ಸತ್ತಂತೆ. ಕುತ್ತಿಗೆಯಲ್ಲಿ ಮಾತ್ರ ಕಟ್ಟಿದರೆ ಸಾಲದು. ಮೇಲಿನಿಂದ ರಕ್ತ ವಾಪಸ್ ಬಂದು ಅದೇ ತೂತಿನಲ್ಲಿ ಸುರಿಯಬಹುದು. ಆದರೆ ಒಂದು ಕ್ಯಾರೋಟಿಡ್ ಇಲ್ಲದೆ ಈ ಮೆದುಳು ಬದುಕುತ್ತದೆಯೇ ಎಂದು ಮೊದಲು ತಿಳಿಯಬೇಕು. ಅದಕ್ಕೆ ಬಲೂನ್ ಪರೀಕ್ಷೆ ಇದೆ. ರೋಗಿ ಎಚ್ಚರವಾಗಿರುವಾಗಲೇ ಕುತ್ತಿಗೆಯ ಭಾಗದ ಕ್ಯಾರೋಟಿಡ್‌ನೊಳಗೆ ಪುಟ್ಟ ಬಲೂನ್ ಉಬ್ಬಿಸಿ ಹರಿವು ನಿಲ್ಲಿಸುತ್ತಾರೆ. ಅರ್ಧ ಗಂಟೆಯ ತನಕ ಮಾತು, ಕೈಕಾಲಿನ ಬಲ ನೋಡುತ್ತಲೇ ಇರುತ್ತಾರೆ.

ಮಾತಾಡಿಸುತ್ತಾ ಇರಬೇಕಲ್ಲ, ಏನು ಹೇಳಿಸುವುದು ಎಂದಾಗ ಟೀಚರ್ ಮಗ್ಗಿ ಹೇಳುತ್ತೇನೆ ಎಂದರು. ಬಲಗೈಯಲ್ಲಿ ಒಂದು ಹಿಚುಕಿದರೆ ಸದ್ದು ಮಾಡುವ ಗೊಂಬೆ ಕೊಟ್ಟಿದ್ದರು. ಬಲೂನ್ ಉಬ್ಬಿತು. ಮೂಗಿನಲ್ಲಿ ಗಾಜ್ ಇದ್ದ ದನಿಯಲ್ಲೇ ಅವರು ಶುರುಮಾಡಿದರು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಏಳು ಮುಗಿಯಿತು, ಎಂಟು ಮುಗಿಯಿತು. ಒಂಬತ್ತರ ಮಗ್ಗಿಯ ನಡುವೆ "ಒಂಬತ್ತ್... ಒಂಬತ್ತ್..." ಎಂದು ಅಲ್ಲೇ ಸಿಕ್ಕಿಕೊಂಡರು. ಗೊಂಬೆಯ ಸದ್ದು ನಿಂತಿತು. ತಕ್ಷಣ ಬಲೂನ್ ಇಳಿಸಿದರು. ಒಂದು ನಿಮಿಷ ಆಗುವಷ್ಟರಲ್ಲಿ ಮಾತು ಬಂತು. "ಯಾಕೋ ಗೊತ್ತಿದ್ರೂ ಬರ್ಲಿಲ್ಲ" ಎಂದರು.

ಮೊದಲ ದಿನ ರೇಡಿಯಾಲಜಿಸ್ಟ್ ಬರೆದಿದ್ದ ತೆಳ್ಳಗಿನ ಕೂಡುನಾಳದ ಅರ್ಥ ಇದೇ. ಬಲಗಡೆಯ ರಕ್ತ ಎಡಕ್ಕೆ ಸಾಕಷ್ಟು ದಾಟುತ್ತಿಲ್ಲ. ಕ್ಯಾರೋಟಿಡ್ ಮುಚ್ಚುವ ದಾರಿ ಮುಚ್ಚಿತು. ಈ ಪರೀಕ್ಷೆ ಪಾಸಾದರೂ ಅಪಾಯ ಸೊನ್ನೆ ಅಂತ ಅಲ್ಲ, ಆಮೇಲೆ ಸ್ಟ್ರೋಕ್ ಆದವರಿದ್ದಾರೆ. ಫೇಲಾದರೆ ಮಾತ್ರ ಉತ್ತರ ಖಚಿತ. ನಾಳವನ್ನು ಉಳಿಸಿಕೊಂಡೇ ಚೀಲವನ್ನು ಮುಚ್ಚಬೇಕು.

ಉಳಿದ ದಾರಿಗಳು, ಮತ್ತು ಒಂದು ಮಾತ್ರೆಯ ಜಗಳ

ಆ ಸಂಜೆ ಇಎನ್‌ಟಿ, ನರ ಸರ್ಜನ್, ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಅರಿವಳಿಕೆ ಮೇಡಂ ಎಲ್ಲರೂ ಒಟ್ಟಿಗೆ ಕೂತೆವು. ಚೀಲದೊಳಗೆ ಮಾತ್ರ ಕಾಯಿಲ್ ತುಂಬುವ ಯೋಚನೆಯನ್ನು ಬೇಗ ಬಿಟ್ಟೆವು. ಗೋಡೆಯೇ ಇಲ್ಲದ ಚೀಲಕ್ಕೆ ತಂತಿ ತುರುಕಿದರೆ ಅದು ಅಲ್ಲೇ ಹರಿಯಬಹುದು. ಆಮೇಲೆ ಕಾಯಿಲ್ ಮೂಗಿನೊಳಗೆ ಇಣುಕಿದ ಪ್ರಕರಣಗಳೂ ಇವೆ. ಬೈಪಾಸ್ ಬಗ್ಗೆ ನರ ಸರ್ಜನ್ ವಿವರಿಸಿದರು. ಕೈಯ ಅಥವಾ ಕಾಲಿನ ನಾಳ ತೆಗೆದು ಕುತ್ತಿಗೆಯಿಂದ ಮೆದುಳಿಗೆ ಹೊಸ ದಾರಿ ಹಾಕಿ, ಆಮೇಲೆ ಕ್ಯಾರೋಟಿಡ್ ಮುಚ್ಚುವುದು. ಅದು ದೊಡ್ಡ ಸರ್ಜರಿ. ಬೇರೆ ಏನೂ ಆಗದಿದ್ದರೆ ಅದಕ್ಕೆ ಕೈ ಹಾಕುವುದೆಂದು ಇಟ್ಟುಕೊಂಡರು.

ನಿಜವಾದ ಚರ್ಚೆ ನಡೆದದ್ದು ಎರಡು ಬಗೆಯ ಸ್ಟೆಂಟ್‌ಗಳ, ಅಂದರೆ ನಾಳದೊಳಗೆ ಕೂರಿಸುವ ಸಣ್ಣ ಬಲೆ ಕೊಳವೆಗಳ ನಡುವೆ. ಒಂದು, ಹೊದಿಕೆ ಇರುವ ಸ್ಟೆಂಟ್. ಕೂರಿಸಿದ ಗಳಿಗೆಯಲ್ಲೇ ತೂತು ಮುಚ್ಚುತ್ತದೆ. ರಕ್ತ ಸುರಿಯುತ್ತಿರುವ ರೋಗಿಗಾದರೆ ನಾನು ಅದನ್ನೇ ಕೇಳುತ್ತಿದ್ದೆ. ಆದರೆ ಅದು ಬಿರುಸು. ತಲೆಬುರುಡೆಯ ಒಳಗೆ ಕ್ಯಾರೋಟಿಡ್ ಅಂಕುಡೊಂಕಾಗಿ ತಿರುಗುತ್ತದೆ, ಆ ತಿರುವಿನಲ್ಲಿ ಅದನ್ನು ಏರಿಸುವುದು, ಗೋಡೆಗೆ ಪೂರ್ತಿ ಅಂಟುವಂತೆ ಕೂರಿಸುವುದು ಕಷ್ಟ. ಟೀಚರ್‌ಗೆ ತಿರುವು ಬಹಳ ಕಡಿದಾಗಿತ್ತು. ಇನ್ನೊಂದು, ಫ್ಲೋ ಡೈವರ್ಟರ್. ಒತ್ತೊತ್ತಾಗಿ ಹೆಣೆದ ಬಲೆಯ ಮೃದು ಸ್ಟೆಂಟ್. ಅಮೆರಿಕದಲ್ಲಿ ಪೈಪ್‌ಲೈನ್ ಎಂಬುದಕ್ಕೆ 2011ರಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಈ ಬಗೆಯವು ಬಳಕೆಗೆ ಹೆಚ್ಚು ಬಂದವು. ಇದು ತಿರುವಿನಲ್ಲಿ ಸಲೀಸಾಗಿ ಹೋಗುತ್ತದೆ. ರಕ್ತ ಬಲೆಯೊಳಗೇ ಮುಂದಕ್ಕೆ ಹರಿಯುತ್ತದೆ, ಚೀಲದೊಳಗೆ ನಿಧಾನವಾಗಿ ನಿಂತು ಹೆಪ್ಪಾಗುತ್ತದೆ. ಬಲೆಯ ಮೇಲೆ ನಾಳದ ಒಳಪದರ ಹೊಸದಾಗಿ ಬೆಳೆಯುತ್ತದೆ. ತೊಂದರೆ ಎಂದರೆ ಇದಕ್ಕೆಲ್ಲ ವಾರಗಳು, ತಿಂಗಳುಗಳು ಬೇಕು.

ಎರಡಕ್ಕೂ ಒಂದು ಬೆಲೆ ಇದೆ. ಲಕ್ಷಗಟ್ಟಲೆ ಹಣದ ಮಾತಲ್ಲ, ಅದೂ ಇತ್ತು, ಮನೆಯವರು ಒಂದು ದಿನ ಸಮಯ ಕೇಳಿದರು. ನಾನು ಹೇಳುತ್ತಿರುವುದು ಮಾತ್ರೆಯ ಬಗ್ಗೆ. ಸ್ಟೆಂಟ್ ಕಟ್ಟಿಕೊಳ್ಳಬಾರದೆಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಕೊಡಬೇಕು. ವಾರದ ಹಿಂದೆ ರಕ್ತ ಹೋಗಿ ಸಾಯುವಂತಾಗಿದ್ದವರಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ! ಆರ್ಡರ್ ನೋಡಿದ ರಾತ್ರಿ ಪಾಳಿಯ ಸಿಸ್ಟರ್ ಮಾತ್ರೆ ಕೊಡದೆ ನನಗೆ ಫೋನ್ ಮಾಡಿದರು. "ಸರ್, ಮೂಗಿಂದ ರಕ್ತ ಬಂದಿದ್ದ ಪೇಷಂಟ್‌ಗೆ ಎರಡೂ ಬರೆದಿದೆ. ತಪ್ಪಾಗಿಲ್ಲ ತಾನೆ?" ಅವರು ಕೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲೇ ಇಬ್ಬರಿಗೆ ಅದೇ ಅಳುಕಿತ್ತು.

ಕೊನೆಗೆ ಫ್ಲೋ ಡೈವರ್ಟರ್ ಎಂದು ತೀರ್ಮಾನ ಆಯಿತು. ಚೀಲ ಚಿಕ್ಕದು. ಸದ್ಯ ಸೋರುತ್ತಿಲ್ಲ. ಮೇಲೆ ಸ್ನಾಯುವಿನ ಹೊದಿಕೆ, ಗಾಜ್ ಇವೆ. ಅವನ್ನು ಸ್ಟೆಂಟ್ ಕೂರಿಸುವ ತನಕ ಮುಟ್ಟಬಾರದು. ಈ ಕೊನೆಯ ಷರತ್ತು ಹಾಕಿದ್ದು ನಾವು, ಇಎನ್‌ಟಿಯವರು. ಗಾಜ್ ಮೊದಲು ತೆಗೆದು, ಮಾತ್ರೆ ಆಮೇಲೆ ಶುರುಮಾಡೋಣ ಎಂಬ ಸಲಹೆಯೂ ಬಂದಿತ್ತು. ಎರಡೂ ಕಡೆ ಬಾಗಿಲು ತೆರೆದಿಟ್ಟು ಕಾಯುವುದು ನನಗೆ ಒಪ್ಪಿಗೆ ಆಗಲಿಲ್ಲ.

ಮಾತ್ರೆ ಕೊಟ್ಟು, ಅದು ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡಿದೆಯೇ ಎಂದು ರಕ್ತ ಪರೀಕ್ಷೆಯಲ್ಲಿ ಖಚಿತ ಮಾಡಿಕೊಂಡು, ಸ್ಟೆಂಟ್ ಹಾಕಿದರು. ಒಂದರೊಳಗೆ ಒಂದು ಬರುವಂತೆ ಎರಡು ಬಲೆ ಕೂರಿಸಿದರು. ಎರಡು ಪದರ ಇದ್ದರೆ ಚೀಲಕ್ಕೆ ನುಗ್ಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಕೊನೆಯ ಚಿತ್ರದಲ್ಲಿ ಚೀಲದೊಳಗೆ ಬಣ್ಣ ನಿಧಾನವಾಗಿ ಹೋಗಿ ಅಲ್ಲೇ ತಂಗುತ್ತಿತ್ತು. ಹಾಗೆ ತಂಗುವುದೇ ಒಳ್ಳೆಯ ಲಕ್ಷಣ.

ನಾಲ್ಕು ದಿನ ಬಿಟ್ಟು ಗಾಜ್ ತೆಗೆದೆವು. ವಾರ್ಡಿನಲ್ಲಲ್ಲ, ಓಟಿಯಲ್ಲಿ. ರಕ್ತ ಹೊಂದಿಸಿಟ್ಟು, ಇನ್ನೊಂದು ತೊಡೆ ತೊಳೆದು, ಕ್ಯಾಥ್‌ಲ್ಯಾಬ್ ಖಾಲಿ ಇಟ್ಟುಕೊಂಡು. ಗಾಜ್ ಬಂತು, ಹಳೆಯ ಕಪ್ಪು ಹೆಪ್ಪು ಬಂತು, ಹೊಸ ರಕ್ತ ಬರಲಿಲ್ಲ. ಸ್ನಾಯು ಗೋಡೆಗೆ ಹತ್ತಿಕೊಂಡಿತ್ತು. ಮೂಗಿನ ನಡುಗೋಡೆಯ ಪೊರೆಯನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ಅದರ ಮೇಲೆ ಹೊದಿಸಿದೆವು. ಜೀವಂತ ಪೊರೆ ಬೇಗ ಹತ್ತಿಕೊಳ್ಳುತ್ತದೆ, ಸೋಂಕು ತಡೆಯುತ್ತದೆ.

ಆಮೇಲೆ

ಆರು ವಾರಕ್ಕೆ ಚೀಲ ಅರ್ಧಕ್ಕಿಂತ ಕಡಿಮೆ ಆಗಿತ್ತು. ಆರು ತಿಂಗಳಿಗೆ ಚೀಲ ಕಾಣಲಿಲ್ಲ, ಕ್ಯಾರೋಟಿಡ್ ಚೆನ್ನಾಗಿ ಹರಿಯುತ್ತಿತ್ತು. ಕ್ಲೋಪಿಡೋಗ್ರೆಲ್ ನಿಲ್ಲಿಸಿದರು. ಆಸ್ಪಿರಿನ್ ಮುಂದುವರಿದಿದೆ. ನಡುವೆ ಎರಡು ಸಲ ಮೂಗಿನಿಂದ ಒಂದೆರಡು ಹನಿ ರಕ್ತ ಬಂದು ಮನೆಯವರು ಓಡಿ ಬಂದರು. ಎರಡು ಸಲವೂ ಕಾರಣ ಮುಂಭಾಗದ ಒಣ ಪೊರೆ. ಬಂದದ್ದಕ್ಕೆ ಬೈಯಲಿಲ್ಲ. ಇಂಥವರಿಗೆ "ಸಣ್ಣ ರಕ್ತಕ್ಕೆಲ್ಲ ಬರಬೇಡಿ" ಎನ್ನುವ ಮಾತನ್ನು ಯಾವ ವೈದ್ಯರೂ ಆಡಬಾರದು. ಚೀಲ ಒಡೆಯುವ ಮುಂಚೆ ಕೆಲವೊಮ್ಮೆ ಅಷ್ಟೇ ರಕ್ತ ಬರುವುದು.

ಮೂಲ ಕಾಯಿಲೆ ಉಳಿದೇ ಇದೆ. ಅಲರ್ಜಿಯ ಫಂಗಲ್ ಸೈನಸೈಟಿಸ್ ಮರುಕಳಿಸುವುದೇ ಜಾಸ್ತಿ. ಬಲಗಡೆಯ ದುರ್ಮಾಂಸವಂತೂ ತೆಗೆದೇ ಇರಲಿಲ್ಲ. ಎರಡು ಮಾತ್ರೆ ನಡೆಯುವಷ್ಟು ಕಾಲ ಸರ್ಜರಿ ಮಾತೇ ಎತ್ತಲಿಲ್ಲ. ಉಪ್ಪುನೀರಲ್ಲಿ ಮೂಗು ತೊಳೆಯುವುದು, ಸ್ಟೆರಾಯ್ಡ್ ಸ್ಪ್ರೇ, ನಡುನಡುವೆ ಸ್ವಲ್ಪ ದಿನ ಸ್ಟೆರಾಯ್ಡ್ ಮಾತ್ರೆ. ಇಷ್ಟರಲ್ಲೇ ತಲೆನೋವು ಹೋಯಿತು, ವಾಸನೆ ತಿಳಿಯುವ ಶಕ್ತಿ ಮಾತ್ರ ವಾಪಸ್ ಬರಲಿಲ್ಲ. ಶಾಲೆಗೆ ಹೋಗುತ್ತಿದ್ದಾರೆ.

ಬಲಗಡೆ ಸರ್ಜರಿ ಬೇಕೇ ಎಂದು ಈಚೆಗೆ ಅವರೇ ಕೇಳಿದರು. ಆ ಕಡೆಯ ಕ್ಯಾರೋಟಿಡ್ ಮೇಲೆ ಮೂಳೆ ಪೂರ್ತಿ ಇದೆ, ಸ್ಫೀನಾಯ್ಡ್ ಖಾಲಿ ಇದೆ. ದುರ್ಮಾಂಸ ಮುಂಭಾಗದ ಸೈನಸ್ಸುಗಳಲ್ಲಿ ಮಾತ್ರ. ಅಷ್ಟನ್ನು ತೆಗೆಯಬಹುದು, ಹಿಂದಕ್ಕೆ ಹೋಗುವುದು ಬೇಡ ಎಂದು ನಾನೂ ಸಹೋದ್ಯೋಗಿಯೂ ಒಪ್ಪಿದ್ದೇವೆ. ಆಸ್ಪಿರಿನ್ ನಿಲ್ಲಿಸದೆಯೇ ಮಾಡಬೇಕೋ, ಸ್ವಲ್ಪ ದಿನ ಬಿಡಿಸಬಹುದೋ ಎಂಬುದನ್ನು ಸ್ಟೆಂಟ್ ಹಾಕಿದವರು ಮುಂದಿನ ಆಂಜಿಯೋಗ್ರಾಮ್ ನೋಡಿ ಹೇಳಲಿದ್ದಾರೆ. ಸರ್ಜರಿಯನ್ನು ಯಾರ ಹತ್ತಿರ ಮಾಡಿಸಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ, "ಅವತ್ತು ಮಾಡಿದ ಡಾಕ್ಟ್ರೇ ಮಾಡ್ಲಿ, ಅವರಿಗೆ ನನ್ನ ಮೂಗು ಗೊತ್ತಿದೆ" ಎಂದರು. ಯಜಮಾನರು ಇನ್ನೂ ಯೋಚಿಸುತ್ತಿದ್ದಾರೆ.